ಮಲಕಪ್ಪನ ಬೆನ್ನ ಮೇಲಿನ ಮಚ್ಚೆ

ಹುನಗುಂದದಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ, ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಊರಿನ ಡಾಕ್ಟರು ಹೇಳಿ ಕಳಿಸಿದರೆ, ಮನೆಯವರು ಮೊದಲು ಫೋನು ಮಾಡುವುದು ಮಲಕಪ್ಪನಿಗೆ. ಅವನದೊಂದು ಬಿಳಿ ಬಾಡಿಗೆ ಕಾರು. ಊರಿನಲ್ಲಿ ಬಾಡಿಗೆ ಕಾರಿಗೇನೂ ಬರವಿಲ್ಲ. ಆದರೆ ಬಾಗಲಕೋಟೆಯ ದವಾಖಾನೆಗೆ ಹೋಗುವವರು ಮಲಕಪ್ಪನನ್ನೇ ಕೇಳುತ್ತಾರೆ. ಅವನು ಗಾಡಿಯ ಜೊತೆಗೆ ಧೈರ್ಯವನ್ನೂ ಕೊಡುತ್ತಾನೆಂಬ ಹೆಸರಿದೆ. ಅಮೀನಗಡ ಬರುವಷ್ಟರಲ್ಲಿ, "ಇದೇನ ರೋಗೇನ್ರಿ? ಏನೂ ಆಗೂದಿಲ್ಲ, ಅಂಜಬ್ಯಾಡ್ರಿ" ಎಂದಿರುತ್ತಾನೆ. ಕಮತಗಿ ದಾಟುವಾಗ, ಇದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಹೋಗಿ ಈಗ ಮೊದಲಿಗಿಂತ ಹೆಚ್ಚು ರೊಟ್ಟಿ ತಿನ್ನುತ್ತಿರುವ ಒಬ್ಬರ ಕಥೆ ಬರುತ್ತದೆ. ಆ ಒಬ್ಬರು ಯಾರು, ಯಾವ ಊರಿನವರು ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಒಂದು ಭಾನುವಾರ ಹೆಂಡತಿ ಲಲಿತಾ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು.

"ರೀ, ಈ ಮಚ್ಚಿ ಮೊದಲಿಂದ ಇಷ್ಟ ದೊಡ್ಡದಿತ್ತೇನ್ರಿ?"

"ನನಗೇನ ಕೇಳ್ತಿ? ನನಗ ಬೆನ್ನಾಗ ಕಣ್ಣ ಅದಾವೇನು?"

ಇಬ್ಬರೂ ನಕ್ಕರು. ಸಂಜೆ ಮಲಕಪ್ಪ ಸುಮ್ಮನೆ ಇರಲಾರದೆ ಆ ಪ್ರಶ್ನೆಯನ್ನು ಮೊಬೈಲಿಗೆ ಕೇಳಿದ. ಮೊಬೈಲು ನಗಲಿಲ್ಲ. ಅದು ಕ್ಯಾನ್ಸರಿನ ಬಗ್ಗೆ ಫೋಟೋ ಸಮೇತ ಎಷ್ಟೊಂದು ವಿಷಯ ಹೇಳಿತೆಂದರೆ, ಮುಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು.

ಮರುದಿನ ಬಾಗಲಕೋಟೆಯ ಚರ್ಮದ ಡಾಕ್ಟರು ಜಯಶ್ರೀ ಅವರ ದವಾಖಾನೆಗೆ ಫೋನು ಹಚ್ಚಿದ. ಎತ್ತಿದ ಹುಡುಗಿ, ಮೇಡಂ ಊರಿಗೆ ಹೋಗುವವರಿದ್ದಾರೆ, ನಾಳೆ ಒಂದು ದಿನ ಮಾತ್ರ ಸಿಗುತ್ತಾರೆ ಎಂದು ಹೇಳಿ, "ಅರ್ಜೆಂಟ್ ಐತೇನ್ರಿ?" ಎಂದು ಕೇಳಿದಳು. ಇಷ್ಟು ವರ್ಷದ ರೂಢಿ ಬಾಯಿಗೆ ಬಂತು. "ಏ, ಏನಿಲ್ಲ ತಗೋರಿ. ಸಣ್ಣ ಮಚ್ಚಿ" ಎಂದುಬಿಟ್ಟ. "ಹಂಗಾರ ಮೇಡಂ ಬಂದ ಮ್ಯಾಲೆ ಬರ್ರಿ" ಎಂದು ಅವಳು ಎರಡು ವಾರ ಬಿಟ್ಟು ಬರಲು ಹೇಳಿದಳು. ಫೋನು ಇಟ್ಟಮೇಲೆ ಮಲಕಪ್ಪ ತಪ್ಪಾಯಿತೆಂದುಕೊಂಡ. ತಿರುಗಿ ಹಚ್ಚಿ "ಅರ್ಜೆಂಟ್ ಐತಿ" ಎನ್ನಲು ಮರ್ಯಾದೆ ಬಿಡಲಿಲ್ಲ. ಆ ದವಾಖಾನೆಯಲ್ಲಿ ಅವನ ಗುರುತಿಲ್ಲದವರೇ ಇರಲಿಲ್ಲ.

ಅಂದಿನಿಂದ ಲಲಿತಾಳಿಗೆ ಹೊಸ ಕೆಲಸ ಹತ್ತಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವನ ಬೆನ್ನಿನ ಫೋಟೋ ತೆಗೆಯಬೇಕು. ಬೆಳಿಗ್ಗೆ ಕಡಲೆಕಾಳಿನಷ್ಟಿದ್ದ ಮಚ್ಚೆ ಸಂಜೆಗೆ ಅವರೆಕಾಳಾಗುತ್ತಿತ್ತು. ಅವಳು ಮೊಬೈಲು ಎಷ್ಟು ದೂರದಿಂದ ಹಿಡಿದಳು ಎಂಬುದರ ಮೇಲೆ ಅವನ ಅಂದಿನ ಊಟ ನಿಂತಿತ್ತು.

"ಬಾಜೂಕ ಒಂದು ರೂಪಾಯಿ ನಾಣ್ಯ ಇಟ್ಟ ತಗಿ. ಅಳತಿ ಗೊತ್ತಾಗ್ತೈತಿ."

"ನಿಂತ ಬೆನ್ನ ಮ್ಯಾಲೆ ನಾಣ್ಯ ಹೆಂಗ ನಿಂದ್ರತೈತ್ರಿ? ಬೋರಲ ಮಕ್ಕೊಳ್ರಿ."

ಅವನು ಚಾಪೆಯ ಮೇಲೆ ಬೋರಲು ಬಿದ್ದುಕೊಂಡ. ಲಲಿತಾ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ಸುತ್ತ ತಿರುಗಿದಳು. ಫೋಟೋ ಹೊಡೆಯುವ ಹೊತ್ತಿಗೆ ಅವನು ನಿಟ್ಟುಸಿರು ಬಿಟ್ಟ. ನಾಣ್ಯ ಉರುಳಿ ಕಪಾಟಿನ ಕೆಳಗೆ ಹೋಯಿತು.

ಪಂಕ್ಚರ್ ಅಂಗಡಿಯ ಅಬ್ದುಲಸಾಬ ಅವನ ಹಳೆಯ ಗೆಳೆಯ. ಯಾರಿಗೂ ಹೇಳಬಾರದೆಂದುಕೊಂಡಿದ್ದ ಮಲಕಪ್ಪ ಒಂದು ದಿನ ತಡೆಯಲಾರದೆ ಅವನ ಕೈಗೆ ಮೊಬೈಲು ಕೊಟ್ಟ. ಅಬ್ದುಲಸಾಬ ಕನ್ನಡಕ ಏರಿಸಿ ನೋಡಿದ.

"ಬಾದಾಮಿ ಗುಡ್ಡ ಛಲೋ ಬಂದೈತಿ. ಯಾವಾಗ ಹೋಗಿದ್ದಿ?"

"ಲೇ, ಅದು ನನ್ನ ಬೆನ್ನಲೇ."

ವಿಷಯ ತಿಳಿದ ಮೇಲೆ ಅಬ್ದುಲಸಾಬ ಗಂಭೀರನಾದ. ಟ್ಯೂಬು ಕೆಳಗಿಟ್ಟು ಮಲಕಪ್ಪನ ಹೆಗಲ ಮೇಲೆ ಕೈಯಿಟ್ಟ. "ಏನೂ ಆಗೂದಿಲ್ಲ, ಅಂಜಬ್ಯಾಡ. ನಮ್ಮ ಕಾಕಾಗ ಇದಕ್ಕಿಂತ ದೊಡ್ಡದಿತ್ತು."

"ಈಗ ಹೆಂಗದಾರ?"

"ತೀರಿಕೊಂಡ್ರು" ಎಂದ ಅಬ್ದುಲಸಾಬ. ಗೆಳೆಯನ ಮುಖ ನೋಡಿ ಗಾಬರಿಯಿಂದ, "ಮಚ್ಚಿಯಿಂದ ಅಲ್ಲೋ! ಎಮ್ಮಿ ಹಾಯ್ದು!" ಎಂದ.

ಧೈರ್ಯದ ಮಾತು ಕೇಳುವವರ ಕಿವಿಯಲ್ಲಿ ಹೀಗಿರುತ್ತದೆಯೇ ಎಂದು ಮಲಕಪ್ಪನಿಗೆ ಮೊದಲ ಸಲ ಅನಿಸಿತು. ಆ ಅನುಮಾನವನ್ನು ಬೇವೂರಿನ ಹುಚ್ಚವ್ವ ಖಾತ್ರಿ ಮಾಡಿಕೊಟ್ಟಳು. ಹುಚ್ಚವ್ವ ವಯಸ್ಸಾದ ಹೆಂಗಸು, ಅವನ ಕಾಯಂ ಗಿರಾಕಿ. ಗರ್ಭಚೀಲದ ಆಪರೇಶನ್‌ಗೂ ಅವನೇ ಕರೆದುಕೊಂಡು ಹೋಗಿದ್ದ, ಈಗ ಕಣ್ಣು ತೋರಿಸಲಿಕ್ಕೂ ಅವನೇ. ಬೇವೂರು ಬಿಟ್ಟು ಬಹಳ ಹೊತ್ತಾದರೂ ಮಲಕಪ್ಪ ಬಾಯಿ ತೆರೆಯದ್ದು ನೋಡಿ ಅವಳೇ ಕೇಳಿದಳು. ಅವನು ಎಲ್ಲ ಹೇಳಿದ. ಹೇಳಿ, ಅವಳು ಏನಾದರೂ ಸಮಾಧಾನ ಹೇಳಿಯಾಳೆಂದು ಕಾದ.

"ಅಂಜಿಕಿ ಆಗೇತೇನು?" ಎಂದಳು ಹುಚ್ಚವ್ವ.

"ಆಗೇತಿ ಬೇ."

"ಆಗ್ಲಿ ಬಿಡು. ಆಗೂವಂಥಾದ್ದ ಐತಿ." ಮತ್ತೆ ಹೇಳಿದಳು: "ಆಪರೇಶನ್ನಿಗೆ ಹೋಗೂವಾಗ ನೀ ದಾರಿ ತುಂಬ ಅಂಜಬ್ಯಾಡ, ಅಂಜಬ್ಯಾಡ ಅಂದಿ. ನನಗ ಎಷ್ಟ ಸಿಟ್ಟ ಬಂದಿತ್ತಂತಿ? ಮನ್ಯಾಗ ಅಂಜಿದ್ರ ಮಕ್ಕಳು ಅಳ್ತಾವು. ಗಾಡ್ಯಾಗರ ಆರಾಮ ಕುಂತ ಅಂಜೋಣಂದ್ರ ನೀ ಬಿಡ್ಲಿಲ್ಲ."

ಮಲಕಪ್ಪನಿಗೆ ಮಚ್ಚೆಗಿಂತ ಇದು ಹೆಚ್ಚು ನಾಟಿತು. "ಹಂಗಾರ ಯಾವಾಗ್ಲೂ ನನ್ನ ಗಾಡೀನೇ ಯಾಕ ಕರೀತಿ?"

"ನೀ ಗುಂಡಿ ತಪ್ಪಿಸಿ ಹೊಡೀತಿಯಪ್ಪಾ. ಸೊಂಟಕ್ಕ ತ್ರಾಸ ಆಗೂದಿಲ್ಲ."

ತೋರಿಸುವ ದಿನ ಲಲಿತಾ ತಾನೂ ಬರುತ್ತೇನೆಂದು ಹೊರಟಳು. ಬೇಡ ಎಂದ, ಅವಳು ಆಗಲೇ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ದವಾಖಾನೆಯಲ್ಲಿ ಚೀಟಿ ಬರೆಯುವ ಹುಡುಗಿ ನಗುತ್ತ, "ಇವತ್ತ ಯಾರನ್ನ ಕರ್ಕೊಂಡ ಬಂದ್ರಿ, ಮಲಕಪ್ಪಣ್ಣ?" ಎಂದಳು.

"ನನ್ನನ್ನೇ" ಎಂದ ಮಲಕಪ್ಪ.

ಡಾಕ್ಟರು ಜಯಶ್ರೀ ಅವನ ಅಂಗಿ ತೆಗೆಸಿ, ದೀಪವಿದ್ದ ಸಣ್ಣ ಭೂತಗನ್ನಡಿಯನ್ನು ಬೆನ್ನಿಗಿಟ್ಟು ನೋಡಿದರು. ಅವನು ಉಸಿರು ಹಿಡಿದ. ಹಿಡಿದ ಉಸಿರು ಇನ್ನೂ ಮುಗಿದಿರಲಿಲ್ಲ, ಅವರು ನೋಡುವುದು ಮುಗಿಯಿತು.

"ಇದೇನೂ ಅಲ್ರಿ. ವಯಸ್ಸಾದ ಮ್ಯಾಲೆ ಭಾಳ ಮಂದಿಗೆ ಬರ್ತಾವ ಇಂಥಾವು. ಕ್ಯಾನ್ಸರ್ ಅಲ್ಲ, ಏನೂ ಅಲ್ಲ. ಅಂಗಿ ಹಾಕ್ಕೋರಿ."

ಮಲಕಪ್ಪನಿಗೆ ಸಂತೋಷವಾಯಿತು. ಅದರ ಹಿಂದೆಯೇ, ಎರಡು ವಾರದ ಹೆದರಿಕೆಗೆ ಇಷ್ಟೇ ಏನು ಮರ್ಯಾದೆ ಎಂದು ಒಂದಿಷ್ಟು ಅವಮಾನವೂ ಆಯಿತು. "ಇನ್ನೊಮ್ಮೆ ನೋಡ್ರಿ ಮೇಡಂ" ಎಂದ. ಅವರು ನಕ್ಕು ಇನ್ನೊಮ್ಮೆ ನೋಡಿ, ಅದನ್ನೇ ಹೇಳಿದರು. ಅವನು ಗೆದ್ದ ಪೈಲವಾನನಂತೆ ಅಂಗಿ ತೊಡತೊಡಗಿದ.

ಲಲಿತಾ ಎದ್ದು ನಿಂತವಳು ಸಂಕೋಚದಿಂದ, "ಹೆಂಗೂ ಬಂದೇವಿ, ನನ್ನ ಕಾಲೊಂದ ನೋಡಿಬಿಡ್ರಿ ಮೇಡಂ" ಎಂದು ಚಪ್ಪಲಿ ಬಿಟ್ಟಳು. ಎಡ ಹಿಮ್ಮಡಿಯ ಹತ್ತಿರ, ಅಂಗಾಲಿನಲ್ಲಿ ಒಂದು ಕಪ್ಪು ಕಲೆ. ಅಂಚು ಒಡೆದ, ಶಾಯಿ ಚೆಲ್ಲಿದಂಥ ಕಲೆ.

ಈ ಸಲ ಡಾಕ್ಟರು ಬೇಗ ತಲೆ ಎತ್ತಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. ಗಾಜು ಒರೆಸಿ ಮತ್ತೆ ನೋಡಿದರು.

"ಯಾವಾಗಿಂದ ಐತ್ರಿ ಇದು?"

"ಹೋದ ದೀಪಾವಳಿಯಾಗ ನೋಡಿದ್ದೆ. ಚಪ್ಪಲಿ ಬಣ್ಣ ಹತ್ತೇತಿ ಅಂತ ಕಲ್ಲಿಲೆ ತಿಕ್ಕಿದೆ. ಹೋಗಲಿಲ್ಲ."

"ಇದನ್ನ ತಗದು ಪರೀಕ್ಷಾಕ್ಕ ಕಳಸಬೇಕಾಗ್ತೈತಿ. ತಡಾ ಮಾಡಬ್ಯಾಡ್ರಿ. ನಾ ಚೀಟಿ ಬರದ ಕೊಡ್ತೇನಿ, ನಾಳೆನೇ ದೊಡ್ಡ ದವಾಖಾನಿಗೆ ಹೋಗ್ರಿ."

ಮಲಕಪ್ಪನ ಒಂದು ತೋಳು ಅಂಗಿಯೊಳಗಿತ್ತು, ಇನ್ನೊಂದು ಹೊರಗೆ.

ಬರುವಾಗ ದಾರಿಯುದ್ದಕ್ಕೂ ಅವನ ಕಣ್ಣು ರಸ್ತೆಯ ಮೇಲಿತ್ತು. ಎರಡು ವಾರ ಇವಳು ಇದೇ ಕಾಲಿನ ಮೇಲೆ ನಿಂತು ತನ್ನ ಬೆನ್ನಿಗೆ ಬ್ಯಾಟರಿ ಹಿಡಿದಿದ್ದಳು. ಆ ಬೆಳಕನ್ನು ಒಮ್ಮೆಯಾದರೂ ಕೆಳಗೆ ತಿರುಗಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಏನರ ಮಾತಾಡ್ರಿ" ಎಂದಳು ಲಲಿತಾ.

"ಏನ ಮಾತಾಡ್ಲಿ?"

"ಮಂದಿಗೆ ಹೇಳ್ತೀರಲ್ಲ, ಅದನ್ನೇ ಹೇಳ್ರಿ."

ಅವನು ಬಾಯಿ ತೆರೆದ. ಕಥೆಯಲ್ಲಿ ರೊಟ್ಟಿ ತಿನ್ನುವ ಆ ಮನುಷ್ಯ ಎಷ್ಟು ಕರೆದರೂ ಬರಲಿಲ್ಲ. "ನನಗ ಅಂಜಿಕಿ ಬರಾಕ ಹತ್ತೇತಿ, ಲಲಿತಾ" ಎಂದ.

"ನನಗೂ" ಎಂದಳು ಅವಳು. ಸ್ವಲ್ಪ ದೂರ ಹೋದ ಮೇಲೆ, "ಅಮೀನಗಡದಾಗ ನಿಂದ್ರಸ್ರಿ. ಕರದಂಟು ತಗೊಳ್ಳೋಣು" ಎಂದಳು. ಕಾರು ನಿಲ್ಲಿಸಿ, ಒಂದೇ ಪೊಟ್ಟಣದಿಂದ ಇಬ್ಬರೂ ತಿಂದರು. ಅಂಜಿಕೆಯೇನೂ ಕಡಿಮೆಯಾಗಲಿಲ್ಲ, ಕರದಂಟು ಮಾತ್ರ ಖಾಲಿಯಾಯಿತು.

ಕಲೆ ತೆಗೆದರು. ರಿಪೋರ್ಟು ಬರುವವರೆಗೆ ಮಲಕಪ್ಪ ಮೊಬೈಲಿಗೆ ಏನೂ ಕೇಳಲಿಲ್ಲ. ಲಲಿತಾಳ ಕಾಲು ನೆಲಕ್ಕೆ ಹತ್ತಬಾರದೆಂದು ಅಡಿಗೆ ತಾನೇ ಮಾಡಿದ. ಅವನು ರೊಟ್ಟಿ ಬಡಿಯುವ ಸದ್ದಿಗೆ, ಮನೆಯಲ್ಲಿ ಜಗಳ ಹತ್ತಿದೆಯೆಂದು ಪಕ್ಕದ ಮನೆಯ ಮಲ್ಲಮ್ಮ ಓಡಿ ಬಂದಳು.

ರಿಪೋರ್ಟು ಬಂದಾಗ ಜಯಶ್ರೀ ಅವರು ಏನನ್ನೂ ಮುಚ್ಚಿಡಲಿಲ್ಲ. ಅದು ಕ್ಯಾನ್ಸರೇ. ಆದರೆ ಚರ್ಮದ ಮೇಲಿನ ಪದರದಲ್ಲೇ ಇತ್ತು, ಒಳಗಿಳಿದಿರಲಿಲ್ಲ, ಪೂರ್ತಿ ತೆಗೆದಾಗಿತ್ತು. ಆಗಾಗ ಬಂದು ತೋರಿಸಬೇಕು, ಮೆತ್ತನೆಯ ಬೂಟು ಹಾಕಬೇಕು, ಅಷ್ಟೇ. ಅಲ್ಲಿಯವರೆಗೆ ಗಟ್ಟಿಯಾಗಿ ಕುಳಿತಿದ್ದ ಲಲಿತಾ ಆ "ಅಷ್ಟೇ" ಕೇಳಿದ್ದೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮಲಕಪ್ಪ ಅಳಬೇಡ ಎನ್ನಲಿಲ್ಲ. ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

ಮುಂದಿನ ತಿಂಗಳು ಇಳಕಲ್ಲಿನಲ್ಲಿ ನೆಂಟರ ಮನೆಯ ಬಸುರಿಯ ಕುಬಸದ ಕಾರ್ಯಕ್ಕೆ ಲಲಿತಾ ಕೆಂಪು ಸೆರಗಿನ ಸೀರೆಯುಟ್ಟು, ಕೆಳಗೆ ಬಿಳಿ ಬೂಟು ಹಾಕಿಕೊಂಡು ಹೋದಳು. ಹೆಂಗಸರು ಸೀರೆ ಬಿಟ್ಟು ಬೂಟು ನೋಡಿದರು. ಒಬ್ಬಳು ಬಾಯಿಗೆ ಸೆರಗು ಹಿಡಿದು, "ಓಡಾಕ ಹೊಂಟೀಯೇನವಾ?" ಎಂದಳು.

"ಹೂಂನವಾ, ತಪ್ಪಿಸ್ಕೊಂಡ ಬಂದೇನಿ" ಎಂದು ಲಲಿತಾ ಅವಳ ಪಕ್ಕದಲ್ಲೇ ಕುಳಿತು, ಊಟಕ್ಕೆ ಕರೆಯುವವರೆಗೆ ಎಲ್ಲವನ್ನೂ ಹೇಳಿದಳು. ಊಟದ ಹೊತ್ತಿಗೆ ಮಲಕಪ್ಪ ಒಳಗೆ ಇಣುಕಿದರೆ, ರೇಷ್ಮೆ ಸೀರೆಯ ಹೆಂಗಸರೆಲ್ಲ ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಒಬ್ಬರ ಅಂಗಾಲನ್ನು ಇನ್ನೊಬ್ಬರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಎಲೆಯ ಮೇಲೆ ಹೋಳಿಗೆ ಆರುತ್ತಿತ್ತು.