ಅರವತ್ತೆರಡು ಕವರುಗಳು

ಜೂನ್ ತಿಂಗಳ ಎರಡನೇ ಗುರುವಾರ ಜಯಶೀಲಾಳ ಪಾಲಿಗೆ ಬಂದ ಟಪಾಲಿನ ಕಟ್ಟಿನಲ್ಲಿ ಒಂದೇ ಬಗೆಯ ಅರವತ್ತೆರಡು ಕವರುಗಳಿದ್ದವು. ಕೆನೆ ಬಣ್ಣದ ದಪ್ಪ ಕಾಗದ, ಮೂಲೆಯಲ್ಲಿ ಓಡುವ ಕುದುರೆಯ ಚಿತ್ರ. ಜಯನಗರದಲ್ಲಿ ಹನ್ನೊಂದು ವರ್ಷದಿಂದ ಕಾಗದ ಹಂಚುತ್ತಿದ್ದ ಅವಳಿಗೆ ಅದು ಸ್ವಲ್ಪ ವಿಚಿತ್ರವೆನಿಸಿತು. ಈಗೀಗ ಬರುವುದೆಲ್ಲ ಬ್ಯಾಂಕಿನ ಕಾರ್ಡು, ಕೋರ್ಟಿನ ನೋಟಿಸು, ಪಾಸ್‌ಪೋರ್ಟು. ಅಂಚೆಚೀಟಿ ಹಚ್ಚಿದ ಕವರನ್ನು ಇಷ್ಟು ಜನಕ್ಕೆ ಯಾರು ಕಳಿಸುತ್ತಾರೆ? ಹೆಸರುಗಳನ್ನು ನೋಡಿದರೆ ಎಲ್ಲವೂ ಅರವತ್ತು ದಾಟಿದವರವು. ಯಾವುದೋ ಪಿಂಚಣಿದಾರರ ಸಂಘದ್ದಿರಬೇಕು ಎಂದುಕೊಂಡು ಸ್ಕೂಟರ್ ಹತ್ತಿದಳು.

ಅವಳೆದುರೇ ಕವರು ಒಡೆದವರು ಫೋರ್ತ್ ಬ್ಲಾಕಿನ ಹಲ್ಲಿನ ಡಾಕ್ಟರು ಪ್ರಕೃತಿ. ಅದು ಬಂದದ್ದು ತೀರಿಹೋದ ಅವರ ಮಾವನ ಹೆಸರಿಗೆ.

“ಮಾವ ಹೋಗಿ ಎರಡು ವರ್ಷ ಆಯ್ತು. ಇವರಿಗೆ ಅಡ್ರೆಸ್ ಯಾರು ಕೊಟ್ರೋ,” ಎನ್ನುತ್ತ ಪ್ರಕೃತಿ ಗಟ್ಟಿಯಾಗಿ ಓದಿದರು. ಭಾನುವಾರದ ಮೂರನೇ ರೇಸಿನಲ್ಲಿ ನಾಲ್ಕನೇ ನಂಬರಿನ ಕುದುರೆ ಗೆಲ್ಲುತ್ತದೆ. ನೀವು ದುಡ್ಡು ಕಟ್ಟಬೇಡಿ, ನಮಗೂ ಏನೂ ಕೊಡಬೇಡಿ, ಸುಮ್ಮನೆ ನೋಡಿ. ನಮ್ಮ ಮಾತು ನಿಜವಾದರೆ ಮತ್ತೆ ಬರೆಯುತ್ತೇವೆ. ಇಷ್ಟೇ ಇತ್ತು. ಪ್ರಕೃತಿ ಕಾಗದವನ್ನು ಮೇಜಿನ ಡ್ರಾಯರಿಗೆ ತುರುಕಿ ಮುಂದಿನ ರೋಗಿಯನ್ನು ಕರೆದರು.

ಎರಡು ರಸ್ತೆ ಆಚೆ ದಿನಸಿ ಅಂಗಡಿಯ ಶಶಿಕಾಂತ್ ತನ್ನ ಅಪ್ಪನಿಗೆ ಬಂದದ್ದನ್ನು ತೋರಿಸಿ ನಕ್ಕ. ಅದೇ ಅಕ್ಷರ, ಅದೇ ಮಾತು, ಅದೇ ಮೂರನೇ ರೇಸು. ಆದರೆ ಕುದುರೆ ಎರಡನೇ ನಂಬರಿನದು. ಜಯಶೀಲಾ ಅದನ್ನು ಗಮನಿಸಿದಳೇ ಹೊರತು ಹೆಚ್ಚು ಯೋಚಿಸಲಿಲ್ಲ. ಮಧ್ಯಾಹ್ನದೊಳಗೆ ಇನ್ನೂ ಮೂವತ್ತು ರಿಜಿಸ್ಟರ್ಡ್ ಕಾಗದ ಮುಟ್ಟಿಸಬೇಕಿತ್ತು.

ಮುಂದಿನ ಗುರುವಾರ ಅಂಥ ಕವರುಗಳು ಬಂದದ್ದು ಹನ್ನೊಂದೇ. ಪ್ರಕೃತಿಯ ಕ್ಲಿನಿಕ್ಕಿಗೂ ಇಲ್ಲ, ಶಶಿಕಾಂತನ ಅಂಗಡಿಗೂ ಇಲ್ಲ. ಅದರ ಮುಂದಿನ ವಾರ ಎರಡು. ಒಂದು ಸಂಜೀವಯ್ಯ ಎಂಬ ನಿವೃತ್ತ ಎಂಜಿನಿಯರಿಗೆ, ಇನ್ನೊಂದು ಏಳನೇ ಬ್ಲಾಕಿನ ಗುಂಡಣ್ಣನವರಿಗೆ.

ಗುಂಡಣ್ಣ ಒಂದು ಕಾಲದಲ್ಲಿ ಬನಶಂಕರಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಅದು ಮುಚ್ಚಿದ ಮೇಲೆ ಒಂದು ತಿಂಗಳ ಮಟ್ಟಿಗೆಂದು ಅಕ್ಕ ಚೂಡಾಮಣಿಯ ಮನೆಗೆ ಬಂದು ಹದಿನೈದು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ಚೂಡಾಮಣಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಕೆಟ್ಟವರಲ್ಲ; ಬಿಸಿಲಿನಲ್ಲಿ ಬಂದ ಜಯಶೀಲಾಳಿಗೆ ಒಂದು ದಿನವೂ ನೀರು ಮಜ್ಜಿಗೆ ಕೊಡದೆ ಕಳಿಸಿದವರಲ್ಲ. ಆದರೆ ಯಾರಾದರೂ ಬಂದರೆ, “ಇವನು ನನ್ನ ತಮ್ಮ, ಇಲ್ಲೇ ಇರ್ತಾನೆ,” ಎಂದು ಹೇಳಿ ಮಾತು ಮುಗಿಸಿಬಿಡುತ್ತಿದ್ದರು. ಆಗ ಗುಂಡಣ್ಣ ಗೋಡೆಯ ಕಡೆ ನೋಡುತ್ತಿದ್ದರು.

ಆ ಜೂನಿನಲ್ಲಿ ಅವರು ಬೇರೆಯೇ ಮನುಷ್ಯರಾಗಿದ್ದರು. ಇಸ್ತ್ರಿ ಮಾಡಿದ ಷರ್ಟು ತೊಟ್ಟು ಹತ್ತೂವರೆಗೇ ಗೇಟಿನ ಬಳಿ ನಿಲ್ಲುತ್ತಿದ್ದರು.

“ಎರಡನೇದೂ ಸರಿ ಬಂತು, ಜಯಶೀಲಾ. ನಾನು ಒಂದು ಪೈಸೆ ಕಟ್ಟಿಲ್ಲ, ಬರೀ ನೋಡ್ತಿದೀನಿ,” ಎಂದರು ಮೂರನೇ ಕವರು ಈಸಿಕೊಳ್ಳುತ್ತ. “ಇವರು ಎಲ್ಲರಿಗೂ ಬರೆಯಲ್ಲವಂತೆ. ಆರಿಸಿ ಬರೀತಾರಂತೆ.”

ನಾಲ್ಕನೇ ವಾರ ಬೆಳಿಗ್ಗೆ ಕಾಗದ ವಿಂಗಡಿಸುವಾಗ ಜಯಶೀಲಾಳ ಕೈಗೆ ಸಿಕ್ಕಿದ್ದು ಒಂದೇ ಒಂದು ಕವರು. ಈ ಸಲ ರಿಜಿಸ್ಟರ್ಡ್. ಗುಂಡಣ್ಣನವರ ಹೆಸರಿಗೆ.

ಅವಳು ಅದನ್ನು ಹಿಡಿದುಕೊಂಡು ನಿಂತಳು. ಅರವತ್ತೆರಡು, ಹನ್ನೊಂದು, ಎರಡು, ಒಂದು. ಡಾಕ್ಟರಿಗೆ ನಾಲ್ಕನೇ ಕುದುರೆ, ಶಶಿಕಾಂತನ ಅಪ್ಪನಿಗೆ ಎರಡನೇದು. ಓಡಿದ್ದು ಆರು ಕುದುರೆಗಳಾದರೆ ಒಂದೊಂದು ಗುಂಪಿಗೆ ಒಂದೊಂದು ಕುದುರೆಯ ನಂಬರು ಬರೆದರಾಯಿತು. ಯಾವುದು ಗೆದ್ದರೂ ಹತ್ತು ಜನಕ್ಕೆ ಸರಿಯಾಗಿರುತ್ತದೆ. ಉಳಿದವರಿಗೆ ಮತ್ತೆ ಬರೆಯುವ ಗೋಜಿಲ್ಲ. ಆ ಹತ್ತು ಜನರನ್ನು ಮತ್ತೆ ಹಂಚುವುದು, ಮತ್ತೆ ಹಂಚುವುದು. ಕೊನೆಗೆ ಉಳಿದವನಿಗೆ ಸುಳ್ಳು ಕಾಗದ ಒಂದೂ ಬಂದಿರುವುದಿಲ್ಲ. ಅವನು ದೇವರ ಮೇಲೆ ಆಣೆ ಇಟ್ಟು ಹೇಳುತ್ತಾನೆ, ಇವರ ಮಾತು ತಪ್ಪುವುದಿಲ್ಲ ಎಂದು. ಕುದುರೆಯ ಬಗ್ಗೆ ಏನೂ ಗೊತ್ತಿಲ್ಲದವನೂ ಇದನ್ನು ಮಾಡಬಹುದು. ತನ್ನ ಒಂದು ಬೀಟಿನಲ್ಲಿ ಅರವತ್ತೆರಡಾದರೆ ಇಡೀ ಊರಿನಲ್ಲಿ ಎಷ್ಟಿರಬೇಕು?

ಕಾಗದವನ್ನು ತಡೆಹಿಡಿಯುವಂತಿಲ್ಲ. ಹಾಗೆ ಮಾಡಿದರೆ ಕೆಲಸಕ್ಕೇ ಸಂಚಕಾರ. ಗೇಟಿನ ಹತ್ತಿರ ಗುಂಡಣ್ಣ ಕೈಚಾಚಿದಾಗ ಅವಳು ಕವರು ಕೊಡದೆ ಮೊದಲು ಮಾತಾಡಿದಳು. ತಾನು ಹಂಚಿದ್ದೆಷ್ಟು, ಯಾರಿಗೆ ಯಾವ ನಂಬರು ಬಂದಿತ್ತು, ವಾರ ವಾರವೂ ಹೇಗೆ ಕಮ್ಮಿಯಾಯಿತು, ಎಲ್ಲವನ್ನೂ ಬಿಡಿಸಿ ಹೇಳಿದಳು.

“ಇದರಲ್ಲಿ ದುಡ್ಡು ಕೇಳಿರ್ತಾರೆ ನೋಡಿ ಸಾರ್. ಕೊಡ್ಬೇಡಿ.”

ಗುಂಡಣ್ಣ ತಾಳ್ಮೆಯಿಂದ ಕೇಳಿಸಿಕೊಂಡರು. ಅವರಿಗೆ ಸಿಟ್ಟೂ ಬರಲಿಲ್ಲ.

“ಬೇರೆಯವರಿಗೆ ಏನು ಬಂತೋ ನಂಗೊತ್ತಿಲ್ಲ. ನನಗೆ ಬಂದಿದ್ದು ಮೂರಕ್ಕೆ ಮೂರೂ ನಿಜವಾಗಿದೆ. ಅದನ್ನ ಹೇಗೆ ಇಲ್ಲ ಅನ್ನಲಿ?”

“ಸಾರ್, ಅದು ನಿಮಗೆ ಅಂತ ಬಂದಿದ್ದಲ್ಲ. ಯಾರಿಗೋ ಒಬ್ಬರಿಗೆ ಬರ್ಲೇಬೇಕಿತ್ತು.”

“ಕೊಡಿ, ಸೈನ್ ಎಲ್ಲಿ ಹಾಕ್ಬೇಕು?”

ಸಹಿ ಹಾಕಿ ಕವರನ್ನು ಷರ್ಟಿನೊಳಗೆ ಇಟ್ಟುಕೊಂಡ ಮೇಲೆ ತಗ್ಗಿದ ದನಿಯಲ್ಲಿ, “ಅಕ್ಕಂಗೆ ಹೇಳ್ಬೇಡಿ. ಹದಿನೈದು ವರ್ಷದಿಂದ ನನ್ನ ಒಂದು ಮಾತೂ ಈ ಮನೇಲಿ ನಡೆದಿಲ್ಲ,” ಎಂದರು.

ಆಗಲಿ ಎಂದಳು ಜಯಶೀಲಾ. ಹೇಳಿದ್ದಾಯಿತು, ದೊಡ್ಡವರು, ಅವರಿಗೇ ಬಿಟ್ಟದ್ದು ಎಂದು ಸಮಾಧಾನ ಮಾಡಿಕೊಂಡಳು. ಆದರೂ ಮರುದಿನ ಚೂಡಾಮಣಿ ಮಂಡಿ ಹಿಡಿದುಕೊಂಡು ಮೆಲ್ಲಗೆ ಬಂದು ಮಜ್ಜಿಗೆಯ ಲೋಟ ಕೊಟ್ಟಾಗ ಮಾತು ಬಾಯಿಗೆ ಬಂತು. ನುಂಗಿಕೊಂಡಳು. ಅದರ ಮರುದಿನವೂ ಹಾಗೆಯೇ ಆಯಿತು. ನಾಲ್ಕೈದು ದಿನ ಹೀಗೇ ಕಳೆಯಿತು.

ಚೂಡಾಮಣಿಯವರ ಎರಡೂ ಮಂಡಿಗೆ ಆಪರೇಷನ್ ಆಗಬೇಕಿತ್ತು. ಅದಕ್ಕೆಂದು ಅವರು ನಾಲ್ಕು ವರ್ಷ ಪಿಂಚಣಿಯಲ್ಲಿ ಉಳಿಸಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲಾಗದ್ದರಿಂದ ಚೆಕ್ಕಿಗೆ ಸಹಿ ಮಾಡಿ ತಮ್ಮನ ಕೈಗೆ ಕೊಡುತ್ತಿದ್ದರು. ಮೊತ್ತ ಬರೆಯುತ್ತಿದ್ದವರು ಗುಂಡಣ್ಣ. ನಾಲ್ಕನೇ ಕಾಗದದಲ್ಲಿ ಗುಟ್ಟಿನ ಕುದುರೆಯ ಹೆಸರು ಹೇಳಲು ಐವತ್ತು ಸಾವಿರ ಕೇಳಿದ್ದರು. ಗುಂಡಣ್ಣ ಅಕ್ಕನ ಉಳಿತಾಯದಿಂದ ಅದನ್ನು ಕಟ್ಟಿದರು. ಉಳಿದ ಎರಡು ಲಕ್ಷವನ್ನು ಭಾನುವಾರ ರೇಸ್ ಕೋರ್ಸಿಗೆ ತಾವೇ ಒಯ್ದು ಆ ಕುದುರೆಯ ಮೇಲೆ ಹಾಕಿದರು. ಅದು ಕೊನೆಯದಾಗಿ ಬಂತು. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ಡ್ ಆಫ್.

ಇದೆಲ್ಲ ಜಯಶೀಲಾಳಿಗೆ ತಿಳಿದದ್ದು ಬುಧವಾರ, ಚೂಡಾಮಣಿಯವರಿಂದಲೇ. ಆಸ್ಪತ್ರೆಯವರು ಮುಂಗಡ ಕೇಳಿದಾಗ ಸಂಗತಿ ಹೊರಬಿದ್ದಿತ್ತು. ಅವರು ವರಾಂಡದ ಕುರ್ಚಿಯಲ್ಲಿ ಕೂತು, ಬೇರೆ ಯಾರದೋ ಮನೆಯ ವಿಷಯ ಹೇಳುವವರಂತೆ ಹೇಳಿದರು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು.

“ಮೇಡಂ, ಅದು ಮೋಸ ಅಂತ ನಂಗೆ ಗೊತ್ತಿತ್ತು,” ಎಂದಳು ಜಯಶೀಲಾ. “ಅವರಿಗೆ ಹೇಳ್ದೆ. ಕೇಳ್ಲಿಲ್ಲ.”

ಚೂಡಾಮಣಿ ಅವಳನ್ನೇ ನೋಡಿದರು. “ಯಾವತ್ತು?”

“ಹೋದ ವಾರ ಗುರುವಾರ. ನಿಮಗೆ ಹೇಳ್ಬೇಡಿ ಅಂದ್ರು.”

“ಅವನು ಚೆಕ್ಕು ತಗೊಂಡು ಹೋಗಿದ್ದು ಶನಿವಾರ. ಶುಕ್ರವಾರ ನೀವು ಇಲ್ಲೇ ನಿಂತು ಮಜ್ಜಿಗೆ ಕುಡಿದ್ರಿ. ಬಿಸಿಲು ಜಾಸ್ತಿ ಅಂದ್ರಿ.”

ಜಯಶೀಲಾ ಆ ದಿನದ ಕಾಗದವನ್ನು ಕುರ್ಚಿಯ ಪಕ್ಕದಲ್ಲಿಟ್ಟಳು.

“ಇನ್ಮೇಲೆ ಕಾಗದ ಡಬ್ಬಕ್ಕೆ ಹಾಕಿ ಹೋಗಿ,” ಎಂದು ಚೂಡಾಮಣಿ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಆಗಸ್ಟ್ ಮೊದಲ ವಾರದಲ್ಲಿ ಗುಂಡಣ್ಣ ಅಂಚೆ ಕಚೇರಿಗೆ ಬಂದು ವಿಳಾಸ ಬದಲಾವಣೆಯ ಅರ್ಜಿ ಕೊಟ್ಟರು. ಅರೆಕೆರೆಯಲ್ಲಿ ಟಯರ್ ಅಂಗಡಿಯೊಂದರ ಮೇಲಿನ ಕೋಣೆ. ಅಕ್ಕ ಹೊರಗೆ ಹಾಕಲಿಲ್ಲ, ಮಾತು ಬಿಟ್ಟರು, ಅಷ್ಟೇ ಎಂದರು. ಷರ್ಟಿಗೆ ಇಸ್ತ್ರಿ ಇರಲಿಲ್ಲ. ಅಂದಿನಿಂದ ಅವರ ಹೆಸರಿನ ಕಾಗದಗಳನ್ನು ಅರೆಕೆರೆಗೆ ತಿರುಗಿಸುವುದು ಜಯಶೀಲಾಳ ಕೆಲಸವಾಯಿತು. ಮೊದಲು ವಾರಕ್ಕೊಂದು ಬರುತ್ತಿತ್ತು, ಆಮೇಲೆ ದಿನಕ್ಕೆ ಎರಡು ಮೂರು. ಲಾಟರಿಯವರು, ಅದೃಷ್ಟದ ಹರಳಿನವರು, ಕಳೆದುಕೊಂಡ ದುಡ್ಡು ವಾಪಸು ಕೊಡಿಸುತ್ತೇವೆ ಎನ್ನುವವರು. ಒಮ್ಮೆ ದುಡ್ಡು ಕೊಟ್ಟವನ ವಿಳಾಸಕ್ಕೆ ಬೆಲೆ ಇರುತ್ತದೆ, ಕೈಯಿಂದ ಕೈಗೆ ಮಾರಾಟವಾಗುತ್ತದೆ ಎಂದು ಅವಳಿಗೆ ಆಗ ಅರ್ಥವಾಯಿತು. ಒಂದೊಂದರ ಮೇಲೂ ಹಳೆಯ ವಿಳಾಸ ಹೊಡೆದುಹಾಕಿ ತನ್ನ ಕೈಯಾರೆ ಹೊಸದನ್ನು ಬರೆಯುತ್ತಿದ್ದಳು.

ಅವಳು ಶಶಿಕಾಂತನಿಂದ, ಪ್ರಕೃತಿಯಿಂದ, ಇನ್ನೂ ಏಳು ಮನೆಗಳಿಂದ ಮೊದಲ ವಾರದ ಕಾಗದಗಳನ್ನು ಬೇಡಿ ತಂದಳು. ಒಂದೇ ದಿನದ, ಒಂದೇ ರೇಸಿನ ಕಾಗದಗಳು. ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಆರು ಕುದುರೆಗಳೂ ಸಿಕ್ಕವು. ಪೋಸ್ಟ್‌ಮಾಸ್ಟರು ನೋಡಿ, ಪೊಲೀಸರಿಗೆ ಕೊಡೋಣ, ಆದರೆ ದುಡ್ಡು ಕಳೆದುಕೊಂಡವರೇ ದೂರು ಬರೆದುಕೊಡಬೇಕು ಎಂದರು.

ಅವಳು ಒಂದು ಭಾನುವಾರ ಬಸ್ಸಿನಲ್ಲಿ ಅರೆಕೆರೆಗೆ ಹೋದಳು.

ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟವ್, ನೀರಿನ ಕ್ಯಾನು. ಕೆಳಗಿನಿಂದ ರಬ್ಬರಿನ ವಾಸನೆ ಬರುತ್ತಿತ್ತು. ಮಂಚದ ಮೇಲೆ ಕವರುಗಳಿದ್ದವು, ಎಲ್ಲವನ್ನೂ ನೀಟಾಗಿ ಒಡೆದಿತ್ತು. ಅವಳ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು, “ಓದ್ತೀನಿ ಅಷ್ಟೆ. ಯಾರಿಗೂ ಏನೂ ಕೊಟ್ಟಿಲ್ಲ. ಕೊಡೋಕೆ ಇಲ್ಲ,” ಎಂದರು ಗುಂಡಣ್ಣ.

ಅವಳು ತಂದಿದ್ದ ಕಾಗದಗಳನ್ನು ಒಂದೊಂದಾಗಿ ಕೈಗೆ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು. ತಮ್ಮದೇ ಮೊದಲ ಕಾಗದವನ್ನು ದಿಂಬಿನ ಕೆಳಗಿನಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ನಂಬರೊಂದು ಬಿಟ್ಟರೆ ಒಂದಕ್ಷರವೂ ವ್ಯತ್ಯಾಸವಿರಲಿಲ್ಲ.

“ಟೈಪಿನ ತಪ್ಪು ಕೂಡ ಅದೇ,” ಎಂದರು. “ಮೂರನೇ ಸಾಲಿನಲ್ಲಿ ಒತ್ತು ಬಿಟ್ಟಿದಾರೆ. ನನಗೆ ಬಂದಿದ್ರಲ್ಲಿ ಮೊದಲ ದಿನವೇ ನೋಡಿದ್ದೆ. ಪಾಪ, ಅವಸರದಲ್ಲಿ ನನಗೊಬ್ಬನಿಗೇ ಕೂತು ಬರೆದಿದಾರೆ ಅಂದ್ಕೊಂಡಿದ್ದೆ.”

ಜಯಶೀಲಾ ದೂರಿನ ಹಾಳೆಯನ್ನು ಮುಂದಿಟ್ಟಳು. ಅವರು ಪೆನ್ನು ಹಿಡಿದುಕೊಂಡು ಕೇಳಿದರು:

“ಅಕ್ಕ ನನ್ನ ವಿಷ್ಯ ಏನಾದ್ರೂ ಕೇಳಿದ್ರಾ?”

ಕೇಳಿದರು ಎಂದುಬಿಡುವುದು ಸುಲಭವಿತ್ತು. ಬಾಗಿಲಾಚೆ ಚೂಡಾಮಣಿ ವಾಕರ್ ಹಿಡಿದು ಓಡಾಡುವ ಸದ್ದನ್ನು ಅವಳು ದಿನವೂ ಕೇಳುತ್ತಿದ್ದಳು. ಆದರೆ ಆ ಬಾಗಿಲು ಅವಳಿಗೂ ತೆರೆದಿರಲಿಲ್ಲ. ಒಮ್ಮೆ ಬಾಯಿ ಮುಚ್ಚಿಕೊಂಡು ಇದ್ದದ್ದು ಸಾಕೆನಿಸಿತು.

“ಇಲ್ಲ ಸಾರ್. ಕೇಳ್ಲಿಲ್ಲ.”

ಗುಂಡಣ್ಣ ತಲೆಯಾಡಿಸಿದರು. ಹಾಳೆಯನ್ನು ತೊಡೆಯ ಮೇಲೆ ನೇರ ಮಾಡಿಕೊಂಡು, ಅಕ್ಷರ ಅಕ್ಷರ ಬಿಡಿಸಿ ದೂರು ಬರೆಯತೊಡಗಿದರು. ವಿಳಾಸದ ಜಾಗ ಬಂದಾಗ ಸ್ವಲ್ಪ ತಡೆದು, ಅರೆಕೆರೆ ಎಂದು ಬರೆದರು.