ಮೂವತ್ತೊಂದನೇ ಪೊಟ್ಟಣದ ಬಿಳಿ ಪುಡಿ

ಕುರ್ಲಾದ ಚಾಳಿನಲ್ಲಿ ಮುಂಜಾನೆಯ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಬಳಿದುಕೊಂಡು ಅಣವೀರಪ್ಪ ಚಹಾದ ಕಪ್ಪು ಕೈಗೆತ್ತಿಕೊಳ್ಳುವುದಕ್ಕೂ ಸುಹಾಸನ ಫೋನು ಬರುವುದಕ್ಕೂ ಸರಿಹೋಯಿತು. ಸುಹಾಸ ಪರೇಲಿನ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಎರಡು ವರ್ಷದ ಹಿಂದೆ ಬಂದ ಹೊಸ ಮಾಸ್ತರ. ಅದೇ ವಿಭಾಗದ ಪ್ರಯೋಗಶಾಲೆಯಲ್ಲಿ ಅಣವೀರಪ್ಪ ಮೂವತ್ತಮೂರು ವರ್ಷ ಅಟೆಂಡರ್ ಆಗಿದ್ದು, ನಿವೃತ್ತನಾಗಿ ಐದು ವರ್ಷ ಕಳೆದಿತ್ತು.

ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಸುಹಾಸ ವಿಷಯ ಹೇಳಿದ. ಹಳೆಯ ಕಪಾಟು ಖಾಲಿ ಮಾಡುವಾಗ ವಿಭಾಗದ ಹಿಂದಿನ ಪ್ರಾಧ್ಯಾಪಕಿ ಮಾಧುರಿಬಾಯಿ ಒಣಗಿಸಿಟ್ಟ ಅಣಬೆಗಳ ಪೊಟ್ಟಣಗಳು ಸಿಕ್ಕಿವೆಯಂತೆ. ಮೊದಲ ಮೂವತ್ತನ್ನು ಬಿಟ್ಟರೆ ಒಂದರಲ್ಲೂ ಹೆಸರಿಲ್ಲವಂತೆ. ಮೂವತ್ತೊಂದನೇ ಪೊಟ್ಟಣದಲ್ಲಿ ಮಾತ್ರ ವಿದೇಶದ ಪಂಡಿತನೊಬ್ಬನ ಕಾಗದವಿದೆ, ನೀವು ಕಳಿಸಿದ್ದು ಅಣಬೆಯ ಪುಡಿಯಲ್ಲ, ಬೂದಿ ಎಂದು ಅದರಲ್ಲಿ ಬರೆದಿದೆ. ಪ್ರಯೋಗಶಾಲೆಯೊಳಗೆ ಬೂದಿ ಎಲ್ಲಿಂದ ಬಂತು ಅಂಕಲ್, ನಿಮಗೇನಾದರೂ ನೆನಪಿದೆಯಾ ಎಂದು ಕೇಳಿದ.

ನೆನಪಿಲ್ಲ ಎಂದು ಹೇಳಿ ಅಣವೀರಪ್ಪ ಫೋನು ಇಟ್ಟ. ಹೇಳಿದ್ದು ಹಸಿ ಸುಳ್ಳು. ಮರೆಯೋಣವೆಂದು ಮೂವತ್ತೇಳು ವರ್ಷ ಹೆಣಗಿದರೂ ಮರೆಯದೆ ಉಳಿದಿದ್ದು ಅದೊಂದೇ. ಚಹಾ ಆರಿಹೋಯಿತು.

ಆಗ ಅವನಿಗೆ ಇಪ್ಪತ್ತೆಂಟು. ವಿಜಾಪುರದ ಕಡೆಯಿಂದ ಬಂದು ಕೆಲಸಕ್ಕೆ ಸೇರಿ ವರ್ಷವಷ್ಟೇ ಆಗಿತ್ತು, ಕೆಲಸ ಕಾಯಂ ಆಗಿರಲಿಲ್ಲ. ಮಾಧುರಿಬಾಯಿ ಧಾರವಾಡದವರು, ನಲವತ್ತೊಂದರ ಪ್ರಾಯದ ಚುರುಕು ಹೆಂಗಸು. ಅಣಬೆ ಎಂದರೆ ಅವರಿಗೆ ಊಟ ನಿದ್ದೆ ಬೇಡ. ಮಳೆಗಾಲದ ಭಾನುವಾರ ಬಂತೋ, ದಾದರಿನಲ್ಲಿ ಲೋಕಲ್ ಹಿಡಿದು ಬೋರಿವಿಲಿಯ ಕಾಡಿಗೆ ಹೊರಟೇಬಿಡುವರು. ಬುಟ್ಟಿ, ಚಾಕು, ಮೇಣದ ಕಾಗದ, ರಾಚವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹೊತ್ತು ಅಣವೀರಪ್ಪ ಹಿಂದೆ. ಹೆಂಡತಿ ರಾಚವ್ವನಿಗೆ ಇದೆಲ್ಲ ನಗೆಪಾಟಲು. ತಿನ್ನಲಿಕ್ಕೆ ಬಾರದ ನಾಯಿಕೊಡೆಯನ್ನು ಆರಿಸಲಿಕ್ಕೆ ಸರ್ಕಾರ ಯಾಕೆ ಸಂಬಳ ಕೊಡುತ್ತದೆ ಎಂದು ಅವಳು ಕೇಳುತ್ತಿದ್ದಳು.

ಆ ದಿನಗಳನ್ನು ನೆನೆದರೆ ಅಣವೀರಪ್ಪನಿಗೆ ಈಗಲೂ ಎದೆ ತುಂಬಿ ಬರುತ್ತದೆ. ಬಾಯಿಯವರು ಸೀರೆ ಮೇಲೆ ಕಟ್ಟಿ, ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕೂತು, ಊರಿನ ಮುದುಕಿಯರು ಹೊಸ ಹುಡುಗನನ್ನು ವಿಚಾರಿಸುವ ಹಾಗೆ ಅಣಬೆಯನ್ನು ವಿಚಾರಿಸುತ್ತಿದ್ದರು. ನೀ ಯಾರ ಪೈಕಿ, ನಿಮ್ಮ ಮನೆತನ ಯಾವುದು ಎಂದು ಬಾಯಿ ಬಿಟ್ಟೇ ಕೇಳುತ್ತಿದ್ದರು. ಬೆಳ್ಳಗಿದ್ದವೆಲ್ಲ ಒಂದೇ ಮನೆತನವಲ್ಲ ಎಂಬುದು ಅವರು ಅವನಿಗೆ ಕಲಿಸಿದ ಮೊದಲ ಪಾಠ. ಕೊಡೆಯ ಬಣ್ಣ, ಎತ್ತರ ಇವೆಲ್ಲ ಮೋಸ ಮಾಡುತ್ತವೆ. ಕೊಡೆಯನ್ನು ಕತ್ತರಿಸಿ, ಅರ್ಧ ಕಪ್ಪು ಅರ್ಧ ಬಿಳಿ ಇರುವ ಕಾಗದದ ಮೇಲೆ ಬೋರಲಾಗಿಟ್ಟು, ಲೋಟ ಮುಚ್ಚಿ ಬಿಟ್ಟರೆ ಕೊಡೆಯಡಿಯ ಪದರುಗಳಿಂದ ನುಣ್ಣನೆಯ ಪುಡಿ ಉದುರುತ್ತದೆ. ಅದು ಅಣಬೆಯ ಬೀಜ. ಬಿಳಿ ಪುಡಿ ಉದುರಿಸುವವು ಒಂದು ಬಳಗ, ಗುಲಾಬಿ ಪುಡಿಯವು ಇನ್ನೊಂದು, ಕಂದು ಪುಡಿಯವು ಮತ್ತೊಂದು. ಪುಡಿ ಸುಳ್ಳು ಹೇಳುವುದಿಲ್ಲ ಎಂದು ಬಾಯಿಯವರು ನಂಬಿದ್ದರು.

ಅದು ಶ್ರಾವಣದ ಭಾನುವಾರ. ಬಿದಿರು ಮೆಳೆಯಡಿ ಕೊಳೆತ ಎಲೆಗಳ ನಡುವೆ ಹೆಬ್ಬೆಟ್ಟಿನ ಉಗುರಿನಷ್ಟು ಚಿಕ್ಕ ಬಿಳಿ ಅಣಬೆಗಳು ಸಿಕ್ಕವು. ಅಡಿಯ ಪದರುಗಳು ಕಾಲಿನವರೆಗೂ ಇಳಿದಿದ್ದವು. ಮೂಸಿದರೆ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ವಾಸನೆ. ಮೈಕಟ್ಟು ನೋಡಿದರೆ ಗುಲಾಬಿ ಪುಡಿಯ ಬಳಗದ್ದು, ಅಪ್ಪಿತಪ್ಪಿ ಪುಡಿ ಬಿಳಿ ಬಂದರೆ ಇದು ಯಾವ ಮನೆತನಕ್ಕೂ ಸೇರದ ಹೊಸದು ಎಂದು ಬಾಯಿಯವರು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಸಂಜೆ ಪ್ರಯೋಗಶಾಲೆಯಲ್ಲಿ ಕೊಡೆಯನ್ನು ಕಾಗದದ ಮೇಲಿಟ್ಟು, ಲೋಟ ಮುಚ್ಚಿ ಮನೆಗೆ ಹೋದರು.

ಮರುದಿನ ಶ್ರಾವಣ ಸೋಮವಾರ. ಅಣವೀರಪ್ಪನ ಹಣೆಯ ಮೇಲೆ ಅಂದು ವಿಭೂತಿ ದಪ್ಪಗೇ ಇತ್ತು. ಕಾಗದ ಮುಟ್ಟುವ ಮೊದಲು ಹಣೆ, ಕೈ ಒರೆಸಿಕೊಳ್ಳಬೇಕು ಎಂಬುದು ಬಾಯಿಯವರ ಕಟ್ಟಪ್ಪಣೆ. ಅಂದು ಲೋಕಲ್ ತಡವಾಗಿತ್ತು, ಓಡುತ್ತ ಬಂದವನು ಮರೆತ. ಲೋಟ ಎತ್ತಿದ, ಕೊಡೆ ಸರಿಸಿದ. ಬಲಿತು ಪುಡಿಯೆಲ್ಲ ಕಾಡಿನಲ್ಲೇ ಉದುರಿಹೋಗಿದ್ದ ಅಣಬೆ, ಕಾಗದದ ಮೇಲೆ ಬಿದ್ದಿತ್ತೋ ಇಲ್ಲವೋ ಹೇಳಲಾಗದಷ್ಟು ತೆಳುವು. ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದ. ಒಣಗಿದ ವಿಭೂತಿ ಕಪ್ಪು ಅರ್ಧದ ಮೇಲೆ ಸಣ್ಣಗೆ ಉದುರಿತು. ಅದು ಉದುರಿದ್ದನ್ನು ಅವನು ಕಣ್ಣಾರೆ ಕಂಡ. ಏನು ಮಾಡಲೆಂದು ತೋಚುವಷ್ಟರಲ್ಲಿ ಬಾಯಿಯವರ ಚಪ್ಪಲಿ ಸಪ್ಪಳ ಬಾಗಿಲಿಗೆ ಬಂದಿತ್ತು.

ಭೂತಗನ್ನಡಿಯಲ್ಲಿ ಬಿಳಿ ಪುಡಿ ಕಂಡು ಬಾಯಿಯವರು ಹಿಗ್ಗಿದರು. ಮನೆಯಲ್ಲಿದ್ದ ಪೇಢೆ ತರಿಸಿ ಇಡೀ ವಿಭಾಗಕ್ಕೆ ಹಂಚಿದರು. ಮೊದಲ ಪೇಢೆ ಅಣವೀರಪ್ಪನಿಗೇ ಕೊಟ್ಟರು. ಅದನ್ನು ಬಾಯಿಗಿಟ್ಟುಕೊಂಡು ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಯಾದ ಮೇಲೆ, ಕೆಲಸ ಕಾಯಂ ಆಗಲಿ ಎಂದುಕೊಂಡ. ಕಾಲೇಜಿನ ಒಳ್ಳೆಯ ಮೈಕ್ರೋಸ್ಕೋಪು ಆ ತಿಂಗಳು ದುರಸ್ತಿಗೆ ಹೋಗಿತ್ತು. ಅದು ಬರುವವರೆಗೆ ಕಾಯದೆ ಬಾಯಿಯವರು ಅಣಬೆಯನ್ನೂ ಕಾಗದವನ್ನೂ ಆ ವಿದೇಶದ ಪಂಡಿತನಿಗೆ ಕಳಿಸಿಬಿಟ್ಟರು. ಆತುರಪಟ್ಟದ್ದು ಅವರ ತಪ್ಪೇ. ಆದರೆ ಆತುರ ಹುಟ್ಟಿಸಿದ ಪುಡಿ ಇವನದು.

ಮೂರು ತಿಂಗಳಿಗೆ ನಾಲ್ಕು ಸಾಲಿನ ಉತ್ತರ ಬಂತು. ಮುಂದೆ ಕಳಿಸುವಾಗ ಕಣ್ಣಿಟ್ಟು ನೋಡಿ ಕಳಿಸಿ ಎಂಬುದು ಅದರ ಕೊನೆಯ ಸಾಲು. ಪಕ್ಕದ ಗಿರಣಿಯ ಚಿಮಣಿಯ ಬೂದಿ ಇರಬಹುದು ಎಂದು ಬಾಯಿಯವರು ಮೊದಲು ಅಂದರು. ಆಮೇಲೆ ತಾವೇ ತಲೆ ಅಲ್ಲಾಡಿಸಿದರು, ಕಿಟಕಿ ಮುಚ್ಚಿತ್ತು. ತಮ್ಮ ಕಣ್ಣನ್ನೇ ನಂಬುವ ಹಾಗಿಲ್ಲ ಎಂದರು. ಅಣವೀರಪ್ಪ ಹಣೆ ತಗ್ಗಿಸಿ ಲೋಟ ತೊಳೆಯುತ್ತಿದ್ದ.

ಆಮೇಲೂ ಅವರು ಕಾಡಿಗೆ ಹೋಗುವುದು ಬಿಡಲಿಲ್ಲ. ಆರಿಸಿದರು, ಒಣಗಿಸಿದರು, ಅಂಕಿ ಹಾಕಿದರು. ಹೆಸರು ಬರೆಯುವುದನ್ನು ಮಾತ್ರ ನಿಲ್ಲಿಸಿದರು. ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು ಪೊಟ್ಟಣ ಮುಚ್ಚುತ್ತಿದ್ದರು. ಅವಕ್ಕೆ ದಾರ ಕಟ್ಟುತ್ತಿದ್ದವನು ಅಣವೀರಪ್ಪನೇ. ಅವನ ಕೆಲಸ ಮುಂದಿನ ವರ್ಷವೇ ಕಾಯಂ ಆಯಿತು.

ಬಾಯಿಯವರಿಗೆ ಈಗ ಎಪ್ಪತ್ತೆಂಟು. ವಡಾಲದ ಫ್ಲ್ಯಾಟಿನಲ್ಲಿ ನೋಡಿಕೊಳ್ಳಲು ನೀಲಾಬಾಯಿ ಎಂಬಾಕೆ ಇದ್ದಾಳೆ. ಅಣವೀರಪ್ಪ ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಹೋಗಿ ಬರುತ್ತಾನೆ. ಪ್ರತಿ ಸಲ ಹೇಳಬೇಕೆಂದು ಹೋಗುತ್ತಾನೆ, ಹಳೆಯ ಭಾನುವಾರಗಳ ಸುದ್ದಿ ಮಾತಾಡಿ ಎದ್ದು ಬರುತ್ತಾನೆ. ಈ ಸಲ ಅವನಿಗೆ ಹೆದರಿಕೆ ಹತ್ತಿತು. ಪೊಟ್ಟಣ ತಾನಾಗಿ ಹೊರಬಿದ್ದಿದೆ, ಇನ್ನೂ ಹೇಳದಿದ್ದರೆ ಆ ತಪ್ಪು ತಮ್ಮದೇ ಎಂದುಕೊಂಡು ಬಾಯಿಯವರು ಕಣ್ಣು ಮುಚ್ಚುತ್ತಾರೆ. ಬರಿಗೈಯಲ್ಲಿ ಹೋಗಿ ಹೇಳಲು ಧೈರ್ಯ ಬರಲಿಲ್ಲ. ಆ ಅಣಬೆಯನ್ನೇ ಹುಡುಕಿ ಒಯ್ಯಬೇಕು ಎಂದು ನಿಶ್ಚಯಿಸಿ ಸುಹಾಸನಿಗೆ ತಿರುಗಿ ಫೋನು ಮಾಡಿದ.

ಮಳೆಗಾಲ ನಡೆದಿತ್ತು. ಪುಣ್ಯಕ್ಕೆ ಸುಹಾಸನ ಬಳಿ ಕಾಡಿನಿಂದ ಅಣಬೆ ತರಲು ಅರಣ್ಯ ಇಲಾಖೆಯ ಪರವಾನಗಿ ಇತ್ತು. ಮುಂದಿನ ಭಾನುವಾರ ವಿದ್ಯಾರ್ಥಿಗಳ ಜೊತೆ ಅಣವೀರಪ್ಪನೂ ಹೊರಟ. ನಿವೃತ್ತಿಯಾದ ಮೇಲೂ ನಾಯಿಕೊಡೆಯ ಚಾಳಿ ಬಿಡಲಿಲ್ಲವಲ್ಲ ಎಂದು ಗೊಣಗುತ್ತಲೇ ರಾಚವ್ವ ರೊಟ್ಟಿ ಕಟ್ಟಿಕೊಟ್ಟಳು. ಹುಡುಗರು ಮೊಬೈಲು ಹಿಡಿದು ಮುಂದೆ ಓಡಿದರು. ಇವನು ಮಂಡಿ ಹಿಡಿದುಕೊಂಡು ಹಳೆಯ ಜಾಡಿನಲ್ಲಿ ನಿಧಾನವಾಗಿ ನಡೆದ. ಆ ಬಿದಿರು ಮೆಳೆ ಹೂಬಿಟ್ಟು ಸತ್ತು, ಅದೇ ಜಾಗದಲ್ಲಿ ಹೊಸ ಮೆಳೆ ಎದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಆಸೆ ಬಿಟ್ಟು ಕೂತಾಗ ಜೋಳದ ಹಿಟ್ಟಿನ ವಾಸನೆ ಬಂತು. ಕೂತಲ್ಲಿಂದ ಮೊಳ ದೂರದಲ್ಲಿ ಏಳೆಂಟು ಬಿಳಿ ಕೊಡೆಗಳಿದ್ದವು. ಅಣವೀರಪ್ಪನಿಗೆ ಅಳು ಬಂತು, ಹುಡುಗರು ನೋಡಿಯಾರೆಂದು ಮುಖಕ್ಕೆ ಟವೆಲು ಹಿಡಿದ.

ಸುಹಾಸ ಎರಡನ್ನು ಅವನಿಗೆ ಕೊಟ್ಟು, ಕಪ್ಪು ಬಿಳಿ ಕಾಗದವನ್ನೂ ಕೊಟ್ಟ. ಬೋರಿವಿಲಿಯಿಂದ ಅಂಧೇರಿಗೆ, ಅಲ್ಲಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದು ವಡಾಲಕ್ಕೆ. ಸ್ಟೀಲ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ.

ಬಾಯಿಯವರು ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಮೂಸಿದರಷ್ಟೇ. ಮೂವತ್ತೊಂದು ಎಂದರು. ಮುಖ ಅರಳಿತು. ಎಲ್ಲಿ ಸಿಕ್ಕಿತು, ಬಿದಿರಿನ ಹತ್ತಿರವೇನು, ಎಷ್ಟಿದ್ದವು ಎಂದು ಒಂದೇ ಸಮನೆ ಕೇಳಿದರು. ನೀಲಾಬಾಯಿಯನ್ನು ಕರೆದು ಲೋಟ ತರಿಸಿದರು. ಕಾಗದ ಹಾಸು ಎಂದು ಅಣವೀರಪ್ಪನಿಗೆ ಹೇಳಿದರು.

ಅವನು ಕಾಗದ ಮುಟ್ಟಲಿಲ್ಲ. ಎದ್ದು ಬಚ್ಚಲಿಗೆ ಹೋಗಿ, ಹಣೆಯ ವಿಭೂತಿಯನ್ನು ನೀರು ಹಾಕಿ ತೊಳೆದುಕೊಂಡು, ಟವೆಲಿನಿಂದ ತಿಕ್ಕಿ ತಿಕ್ಕಿ ಒರೆಸಿಕೊಂಡು ಬಂದ. ಆಮೇಲೆ ಕಾಗದ ಹಾಸಿ, ಕೊಡೆ ಕತ್ತರಿಸಿ ಬೋರಲಿಟ್ಟು, ಲೋಟ ಮುಚ್ಚಿದ. ಬಾಯಿಯವರು ಅವನ ಬರಿ ಹಣೆಯನ್ನೇ ನೋಡುತ್ತಿದ್ದರು.

“ಅಷ್ಟ್ಯಾಕ ತಿಕ್ಕಿದಿ, ಅಣವೀರಪ್ಪ?”

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. “ಬಾಯಾರ, ಅವತ್ತು ಕರೇ ಕಾಗದದ ಮ್ಯಾಲೆ ಬಿದ್ದಿದ್ದು ನನ್ನ ಹಣಿ ವಿಭೂತಿ ರೀ. ಬಿದ್ದಿದ್ದು ನಾ ನೋಡಿನ್ರಿ. ನೋಡಿನೂ ನಿಮಗ ಹೇಳಲಿಲ್ಲ.”

ಬಾಯಿಯವರ ಕೈ ಲೋಟದ ಪಕ್ಕದಲ್ಲಿ ಹಾಗೇ ಇತ್ತು. ಬೈಯಲಿ, ಹೊರಗೆ ಹಾಕಲಿ ಎಂದು ಅವನು ಕಾದ. ಅವರು ಆಚೆ ಹೋಗಿ ಕೂತುಕೋ ಎಂದಷ್ಟೇ ಹೇಳಿದರು. ಗ್ಯಾಲರಿಯಲ್ಲಿ ಕುರ್ಚಿ ಇದ್ದರೂ ಅವನು ನೆಲದ ಮೇಲೆ ಕೂತ. ನೀಲಾಬಾಯಿ ಚಹಾ ತಂದಿಟ್ಟಳು, ಕುಡಿಯಲಿಲ್ಲ. ಎದ್ದು ಹೋಗಲು ಕಾಲು ಬರಲಿಲ್ಲ, ಒಳಗೆ ಹೋಗಲು ಮುಖವಿರಲಿಲ್ಲ. ಗಾಡಿಗಳು ಬಂದು ಹೋಗುವುದನ್ನು ಎಣಿಸುತ್ತ ಸಂಜೆ ಏಳರವರೆಗೆ ಕೂತೇ ಇದ್ದ.

ಕರೆದಾಗ ಒಳಗೆ ಹೋದ. ಬಾಯಿಯವರು ಲೋಟ ಎತ್ತಿದ್ದರು. ಬಿಳಿ ಅರ್ಧದ ಮೇಲೆ ತೆಳು ಗುಲಾಬಿ ಪುಡಿ ಬಿದ್ದಿತ್ತು. ಪಕ್ಕದಲ್ಲಿ ಹಾಳೆ ಹಳದಿಯಾದ ದಪ್ಪ ಪುಸ್ತಕ ತೆರೆದಿತ್ತು. ಅವರ ಕಣ್ಣು ಕೆಂಪಾಗಿತ್ತು, ಅತ್ತಿದ್ದರೆಂದು ಅವನಿಗೆ ತಿಳಿಯಿತು.

“ಇದು ಕ್ಲೈಟೊಪೈಲಸ್ ಬಳಗದ್ದು. ಪುಸ್ತಕದಾಗ ಅದ. ಹೊಸಾದೇನಲ್ಲ, ಸಾದಾ ಅಣಬಿ. ಅವತ್ತ ನೀ ಹೇಳಿದ್ದಿದ್ರ ಇದರ ಹೆಸರು ಬರದು, ಮರುದಿನಾನ ಮುಂದಿನದಕ್ಕ ಹೋಗಿರತಿದ್ದೆ.”

ಅಣವೀರಪ್ಪ ಇಷ್ಟು ವರ್ಷ ತಾನು ಕೆಡಿಸಿದ್ದು ಒಂದು ಅಣಬೆಯನ್ನು ಎಂದುಕೊಂಡಿದ್ದ. ಮುಂದಿನದು ಎಂಬ ಮಾತು ಕೇಳಿದ ಮೇಲೆ ಅವನಿಗೆ ಲೆಕ್ಕ ತಿಳಿಯಿತು. ಅವರ ಕಾಲಿನ ಹತ್ತಿರ ಕೂತು, ತಲೆ ಬಗ್ಗಿಸಿ, ತಪ್ಪಾಯಿತು ಎಂದ. ಅವರು ಇರಲಿ ಎನ್ನಲಿಲ್ಲ.

ಪುಸ್ತಕ ಮುಚ್ಚಿ ಕನ್ನಡಕ ಒರೆಸಿಕೊಂಡು ಅವರು ಕೇಳಿದರು, “ಹೆಸರಿಲ್ಲದ ಪೊಟ್ಟಣ ಎಷ್ಟವ?”

“ಇನ್ನೂರಾ ಹನ್ನೆರಡು ಅದಾವ್ರಿ, ಬಾಯಾರ. ಎಲ್ಲಾ ನಾನ ಕಟ್ಟೀನಿ.”

“ನನಗ ಎಪ್ಪತ್ತೆಂಟು,” ಎಂದರು ಬಾಯಿಯವರು. ಕನ್ನಡಕ ಹಾಕಿಕೊಂಡು, “ನಾಳೆ ಲಗೂನ ಬಾ,” ಎಂದರು.