ಅತ್ತೆಯ ಬಲಗೈ

ನಮ್ಮ ಬಡಾವಣೆಯ ಹಿಂದೆ ತೊರೆಯ ಪಕ್ಕದಲ್ಲೊಂದು ದಾರಿ. ನಡೆಯುವವರಿಗೂ ಅದೇ, ಸೈಕಲ್ಲಿನವರಿಗೂ ಅದೇ. ಬೆಳಗ್ಗೆ ನೀರಿನಿಂದ ಮಂಜೆದ್ದು ದಾರಿಯನ್ನು ಅರ್ಧ ನುಂಗಿರುತ್ತದೆ. ಎದುರು ಬರುವವರಿಗೆ ಕಾಲೇ ಇರುವುದಿಲ್ಲ, ಸುಮ್ಮನೆ ತೇಲಿಕೊಂಡು ಬರುತ್ತಾರೆ.

ಆ ಮಂಜಿನಲ್ಲಿ ನಮ್ಮತ್ತೆ ಸೈಕಲ್ ಹೊಡೆಯುತ್ತಾರೆ. ಸೈಕಲ್ ಇಲ್ಲ, ಅಷ್ಟೇ. ಕೂದಲು ನೆರೆಯುವವರೆಗೂ ಸೈಕಲ್ ಮೇಲೆ ಅಂಚೆ ಹಂಚಿದವರು. ಈಗ ನೆನಪು ಕೈಕೊಟ್ಟಿದೆ, ಹೆತ್ತ ಮಗನನ್ನೇ "ನೀವ್ಯಾರು?" ಅನ್ನುತ್ತಾರೆ. ಆದರೆ ನಡೆಯುವಾಗ ಎರಡೂ ಮುಷ್ಟಿ ಹ್ಯಾಂಡಲ್ ಹಿಡಿದಂತೆ ಮುಂದೆ, ತಿರುಗಬೇಕಾದರೆ ಬಲಗೈ ಅಡ್ಡ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ನನ್ನ ಹೊಲಿಗೆ ಅಂಗಡಿಗೆ ಬರುವವರೆಲ್ಲ ಅಲ್ಲೇ ಓಡಾಡುವುದು.

ಮೊನ್ನೆ ಅತ್ತೆ ಕೈ ತೋರಿಸಿ ಕಲ್ಲುಬೆಂಚಿನ ಕಡೆ ತಿರುಗಿದರು. ಹಿಂದಿನ ಸೈಕಲ್ಲಿನವನು ತಪ್ಪಿಸಲು ಹೋಗಿ ಹುಲ್ಲಿಗೆ ಬಿದ್ದ. "ಅಷ್ಟುದ್ದ ಕೈ ಕಾಣ್ಲಿಲ್ವಾ? ಕಣ್ಣು ನೆತ್ತಿಗೇರಿದ್ಯಾ?" ಅಂತ ನಾನೇ ಬೈದೆ.

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ನನ್ನ ಗಂಡನದು ಕನ್ನಡಕದ ಅಂಗಡಿ. ನಗು ಅವರ ಜಾಯಮಾನವಲ್ಲ.

"ನಾಳೆ ನಾನೂ ಬರ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು, ಇನ್ಮೇಲೆ ಅಮ್ಮ ಹಿತ್ತಲಲ್ಲೇ ಓಡಾಡ್ಲಿ."

"ಹಿತ್ತಲಲ್ಲಿ ಓಡಾಡೋಕೆ ಅವರೇನು ಕೋಳಿನಾ?" ಅಂದೆ. ದಿನವಿಡೀ ಗೋಡೆ ನೋಡುವ ಆ ಮುಖಕ್ಕೆ ಜೀವ ಬರುವುದು ಆ ದಾರಿಯಲ್ಲಿ ಮಾತ್ರ.

ಮರುದಿನ ಮಂಜು ದಟ್ಟವಾಗಿತ್ತು. ಅತ್ತೆ ಮುಂದೆ, ನಾನು ಪಕ್ಕದಲ್ಲಿ, ಇವರು ಮುಖ ಗಂಟಿಕ್ಕಿಕೊಂಡು ಹಿಂದೆ. ಬೆಂಚು ಬಂತು. ಅತ್ತೆ ಕೈ ಚಾಚಿದರು. ಹಿಂದೆ ಬ್ರೇಕಿನ ಸದ್ದು. ನೋಡಿದರೆ ಹಿಂದಿನ ದಿನ ಬಿದ್ದವನೇ, ಮೊಣಕೈಗೆ ಪಟ್ಟಿ. ಕಾಲೂರಿ ನಿಂತ. ಅವನ ಹಿಂದೆ ಬಂದವರೂ ಒಬ್ಬೊಬ್ಬರಾಗಿ ನಿಂತರು.

"ನಿಧಾನಕ್ಕೆ ಹೋಗಿಮ್ಮ," ಅಂದ.

ಅತ್ತೆ ತಲೆಯಾಡಿಸಿ ತಿರುಗಿದರು. ಇಲ್ಲದ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬೆಂಚಿನ ಮೇಲೆ ಕುಳಿತರು. ಇವರು ಹೋಗಿ ಪಕ್ಕದಲ್ಲಿ ಕುಳಿತರು.

"ಚಿಕ್ಕೋನಿದ್ದಾಗ ಅಮ್ಮ ನನ್ನನ್ನ ಸೈಕಲ್ ಮುಂದೆ ಕೂರಿಸ್ಕೊಂಡು ಹೋಗ್ತಿದ್ಲು. ಬೆಲ್ ಹೊಡೆಯೋದು ನನ್ನ ಕೆಲಸ," ಅಂದರು.

ಹಿತ್ತಲಿನ ಮಾತು ಅಲ್ಲಿಗೇ ನಿಂತಿತು.

ಮರಳುವಾಗ ಮನೆಯ ತಿರುವಿನಲ್ಲಿ ಅತ್ತೆ ಕೈ ಚಾಚಿದವರು ತಿರುಗಲಿಲ್ಲ. ಹಿಂದಕ್ಕೆ ಕತ್ತು ಹೊರಳಿಸಿ ಇವರನ್ನೇ ದಿಟ್ಟಿಸಿದರು.

"ನಿದ್ದೆ ಮಾಡ್ತಿದ್ದೀಯೇನೋ ಮಗಾ? ಬೆಲ್ ಹೊಡಿ."

ನಗುವುದಕ್ಕೂ ಲೆಕ್ಕ ಹಾಕುವ ನನ್ನ ಗಂಡ, ನಡುದಾರಿಯಲ್ಲಿ ನಿಂತು, ಬಾಯಲ್ಲೇ "ಟ್ರಿಣ್ ಟ್ರಿಣ್" ಅಂದರು.

ಅತ್ತೆಗೆ ಅಷ್ಟೇ ಸಾಕಾಯಿತು. ತಿರುಗಿದರು.